ಹೆಂಗಸರ ತಲೆ ನೋಡುವ ಓರಿಕು

ಕುರೊಮೊರಿ ಕಣಿವೆಯಲ್ಲಿ ದಾರಿಹೋಕರನ್ನು ತಡೆದು ನೋಡುವ ಉಕ್ಕಡದಲ್ಲಿ ಈಟಿ ಹಿಡಿದ ಕಾವಲಿನವರು ಹನ್ನೆರಡು ಮಂದಿ, ಅವರ ಮೇಲೊಬ್ಬ ಠಾಣೇದಾರ, ಚೀಟಿ ಓದಲಿಕ್ಕೆ ಒಬ್ಬ ಗುಮಾಸ್ತ. ಇವರ್ಯಾರಿಗೂ ಹೆಂಗಸರು ಅಷ್ಟಾಗಿ ಹೆದರುತ್ತಿರಲಿಲ್ಲ. ಎಡೊ ಪಟ್ಟಣ ಬಿಟ್ಟು ಪಡುವಣಕ್ಕೆ ಹೊರಟ ಹೆಣ್ಣುಮಕ್ಕಳ ಎದೆ ಢವಢವ ಎನ್ನುತ್ತಿದ್ದುದು ಮರದ ತಡಿಕೆಯ ಹಿಂದೆ ಮಂಡಿಯೂರಿ ಕೂತಿರುತ್ತಿದ್ದ ಓರಿಕು ಎಂಬ ವಿಧವೆಯನ್ನು ನೆನೆದು. ಬೆಟ್ಟದ ತಳದ ಚಹದಂಗಡಿಯವರು ಅವಳ ಬಗ್ಗೆ ಏನೇನೋ ಹಬ್ಬಿಸಿದ್ದರು. ಅವಳ ಉಗುರು ಹದ್ದಿನದಂತೆ, ಕೂದಲು ಬುಡಸಮೇತ ಕಿತ್ತು ನೋಡುತ್ತಾಳಂತೆ, ನಕ್ಕಿದ್ದನ್ನು ಕಂಡವರೇ ಇಲ್ಲವಂತೆ. ಎಲ್ಲ ಬರೀ ಸುಳ್ಳು. ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ, ಅದರಲ್ಲೂ ಚಹದಂಗಡಿಯಲ್ಲಿ ಕೂತ ನಾಲಿಗೆ.

ಅವಳ ಕೆಲಸವೇ ಅಂಥದ್ದು, ಅವಳೇನು ಮಾಡಿಯಾಳು? ಸೀಮೆ ಸೀಮೆಯ ದೊರೆಗಳ ಹೆಂಡಿರನ್ನು ಸರ್ಕಾರ ಎಡೊದಲ್ಲಿ ಒತ್ತೆ ಇಟ್ಟುಕೊಂಡಿತ್ತು. ಅವರಲ್ಲೊಬ್ಬಳು ಆಳಿನ ವೇಷ ತೊಟ್ಟು ಊರು ಸೇರಿಬಿಟ್ಟರೆ ಆ ದೊರೆ ಮಾರನೆಯ ದಿನವೇ ದಂಗೆ ಎದ್ದಾನು ಎಂಬ ಭಯ. ಹಾಗಾಗಿ ಹೆಂಗಸೊಬ್ಬಳು ಬೆಟ್ಟ ದಾಟಬೇಕಾದರೆ ಕೈಯಲ್ಲಿ ರಹದಾರಿ ಚೀಟಿ ಇರಬೇಕು. ಅದರಲ್ಲಿ ಅವಳ ಕೂದಲು ಉದ್ದವೋ, ಕತ್ತರಿಸಿದ್ದೋ, ಬೋಳಿಸಿದ್ದೋ, ಮಚ್ಚೆ ಎಲ್ಲಿ, ಕಲೆ ಎಲ್ಲಿ, ಬಸುರಿಯೋ ಅಲ್ಲವೋ ಎಲ್ಲ ಬರೆದಿರಬೇಕು. ಗುಮಾಸ್ತ ತಡಿಕೆಯ ಆಚೆ ನಿಂತು ಒಂದೊಂದಾಗಿ ಓದುತ್ತಿದ್ದ. ಓದು ಬರಹ ಬಾರದ ಓರಿಕು ಈಚೆ ಕಡೆ ತುರುಬು ಬಿಚ್ಚಿ ಬೆರಳಾಡಿಸಿ ನೋಡುತ್ತಿದ್ದಳು. ಎಲ್ಲ ಸರಿಯಿದ್ದರೆ ‘ವ್ಯತ್ಯಾಸವಿಲ್ಲ’ ಎಂದು ಕೂಗುತ್ತಿದ್ದಳು. ಆ ಒಂದು ಮಾತಿಗೆ ಬಾಗಿಲು ತೆರೆಯುತ್ತಿತ್ತು.

ಈ ಕೆಲಸ ಅವಳಿಗೆ ಅತ್ತೆಯಿಂದ ಬಂದದ್ದು. ಹದಿನೇಳರ ವಯಸ್ಸಿನಲ್ಲಿ ಇದ್ದಿಲು ಸುಡುವವರ ಹಟ್ಟಿಯಿಂದ ಕುಮಾಜಿ ಎಂಬ ಕಾವಲಿನವನನ್ನು ಕೈಹಿಡಿದು ಬಂದಾಗ ಅವಳ ಹತ್ತಿರ ಎರಡು ಸೀರೆಯಷ್ಟೂ ಬಟ್ಟೆ ಇರಲಿಲ್ಲ. ಇದ್ದದ್ದು ಮೊಣಕಾಲು ಮುಟ್ಟುವ ಕೂದಲು. ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಣ್ಣು ಮುಚ್ಚಿ ಬೆರಳಲ್ಲಿ ನೋಡುವುದನ್ನು ಕಲಿಸಿದಳು. ಚಳಿಗಾಲದಲ್ಲಿ ಕೆಂಡದ ಮಡಕೆಗೆ ಕೈ ಹಿಡಿದು ಬೆಚ್ಚಗೆ ಮಾಡಿಕೊಂಡ ಮೇಲೇ ಇನ್ನೊಬ್ಬರ ತಲೆ ಮುಟ್ಟಬೇಕು ಎಂಬುದನ್ನು ಮಾತ್ರ ಓರಿಕು ತಾನೇ ಕಲಿತಳು. ಬಿಚ್ಚಿದ ತುರುಬನ್ನು ಮತ್ತೆ ಕಟ್ಟಿಕೊಡಬೇಕು ಎಂದು ಯಾವ ಕಟ್ಟಳೆಯೂ ಇರಲಿಲ್ಲ. ಆದರೂ ಅವಳು ಕಟ್ಟಿಕೊಡುತ್ತಿದ್ದಳು, ಅದೂ ಎಷ್ಟು ಚೆಂದ ಅಂತೀರಿ! ಒಳಗೆ ಹೋಗುವಾಗ ಕಾಗೆ ಗೂಡಿನಂತಿದ್ದ ತಲೆ ಹೊರಗೆ ಬರುವಾಗ ಮದುವಣಗಿತ್ತಿಯ ತಲೆಯಾಗಿರುತ್ತಿತ್ತು. ಒಮ್ಮೆ ಹೆಣ್ಣುವೇಷದ ನಾಟಕದ ಹುಡುಗನೊಬ್ಬ ಸಿಕ್ಕಿಬಿದ್ದಾಗ ಅವನನ್ನು ಹಿಡಿದುಕೊಟ್ಟದ್ದೇನೋ ಹೌದು, ಆದರೆ ಅದಕ್ಕೆ ಮುಂಚೆ ಅವನ ತಲೆಯನ್ನೂ ನೀಟಾಗಿ ಬಾಚಿ ಕಳಿಸಿದ್ದಳು ಮಹಾತಾಯಿ.

ಕುಮಾಜಿಗೆ ಹೆಂಡತಿಯ ಕೂದಲೆಂದರೆ ಪ್ರಾಣ. ಕಾವಲಿಲ್ಲದ ಸಂಜೆ ಜಗಲಿಯ ಮೇಲೆ ಕೂತು ತಾನೇ ಬಾಚುತ್ತಿದ್ದ. ಈಟಿ ಹಿಡಿಯುವ ಕೈಯಲ್ಲಿ ಬಾಚಣಿಗೆ ಹಿಡಿದವನನ್ನು ಕಂಡು ಊರೆಲ್ಲ ಆಡಿಕೊಂಡಿತು. ಅವನು ಕ್ಯಾರೇ ಅನ್ನಲಿಲ್ಲ. ಓರಿಕುವಿಗೆ ಮೂವತ್ತೆಂಟು ಆದಾಗ ಅವನು ಜ್ವರದಲ್ಲಿ ತೀರಿಕೊಂಡ. ಗಂಡ ಸತ್ತವಳು ಕೂದಲು ಭುಜದ ಮಟ್ಟಕ್ಕೆ ಕತ್ತರಿಸಿಕೊಳ್ಳಬೇಕು, ಕಾವಲಿನವರ ಮನೆತನಗಳಲ್ಲಿ ಅದು ನಡೆದುಬಂದ ರೂಢಿ. ಓರಿಕು ಕತ್ತರಿ ಹಿಡಿದು ಮೂರು ಸಲ ಕೂತಳು, ಮೂರು ಸಲವೂ ಕೆಳಗಿಟ್ಟಳು. ಅವನು ಬಾಚಿದ ಕೂದಲು ಅದು. ಅದನ್ನು ಕತ್ತರಿಸಿದರೆ ಅವನು ಇನ್ನೊಂದು ಸಲ ಸತ್ತ ಹಾಗೆ ಎಂದು ಅವಳಿಗೆ ಅನಿಸಿತು. ಸರಿ, ಬಿಟ್ಟಳು. ಊರು ಬಿಟ್ಟೀತೆ? ಮುಂಡೆಗೆ ಮುಡಿಯ ಮೋಹ ಎಂದಿತು. ಮಗ ತೊಕುಜೊ ಆಗ ಹದಿನಾರರವನು, ಬಾಯಲ್ಲಿ ಏನೂ ಹೇಳಲಿಲ್ಲ, ಆದರೆ ಅಪ್ಪನ ತಿಥಿಯ ದಿನ ಬಂದಾಗಲೆಲ್ಲ ತಾಯಿಯ ತಲೆಯ ಕಡೆ ನೋಡುತ್ತಿರಲಿಲ್ಲ. ಹೀಗೆ ಹದಿನೆಂಟು ವರ್ಷ ಕಳೆಯಿತು. ಮಗ ಅಪ್ಪನ ಈಟಿ ಹಿಡಿದ, ಓಮಿನೆ ಎಂಬ ಸೊಸೆ ಬಂದಳು, ಓರಿಕುವಿನ ಕಣತಲೆಯ ಹತ್ತಿರ ನಾಲ್ಕು ಬಿಳಿ ಕೂದಲು ಬಂದವು. ಮಿಕ್ಕದ್ದೆಲ್ಲ ಇನ್ನೂ ಕಪ್ಪಗೆ ಸೊಂಟದ ಕೆಳಗೆ ಇಳಿಯುತ್ತಿತ್ತು.

ಇಷ್ಟು ವರ್ಷದಲ್ಲಿ ತಡಿಕೆಯ ಹಿಂದೆ ಅವಳು ಒಂದೂ ಸುಳ್ಳು ಹೇಳಿದವಳಲ್ಲ. ಹೇಳುವಂತೆಯೂ ಇರಲಿಲ್ಲ. ಉಕ್ಕಡಕ್ಕೆ ಮೋಸ ಮಾಡಿದವರನ್ನು ದಾರಿ ಪಕ್ಕದಲ್ಲೇ ಶೂಲಕ್ಕೇರಿಸುತ್ತಿದ್ದರು, ಮನೆಯವರ ಕೆಲಸವೂ ಹೋಗುತ್ತಿತ್ತು. ನಿಜ ಹೇಳಿ ಸಂಕಟಪಟ್ಟದ್ದುಂಟು. ತಾಯಿಗೆ ಕಾಯಿಲೆ ಎಂದು ಓಡಿಬಂದ ಹುಡುಗಿಯೊಬ್ಬಳ ತಲೆಯಲ್ಲಿ ಚೀಟಿಯಲ್ಲಿಲ್ಲದ ಸಣ್ಣ ಸುಟ್ಟ ಕಲೆ ಬೆರಳಿಗೆ ಸಿಕ್ಕಿತ್ತು. ಓರಿಕು ಇದ್ದದ್ದನ್ನು ಇದ್ದಂತೆ ಹೇಳಿದಳು. ಹುಡುಗಿ ವಾಪಸು ಹೋಗಿ, ಹೊಸ ಚೀಟಿ ಬರೆಸಿಕೊಂಡು ಎರಡು ತಿಂಗಳಾದ ಮೇಲೆ ಬಂದಳು. ಅಷ್ಟರಲ್ಲಿ ತಾಯಿ ಮಣ್ಣಾಗಿದ್ದಳು. ಆ ಹುಡುಗಿ ಬೈಯಲಿಲ್ಲ, ಅಳಲೂ ಇಲ್ಲ. ನಿಮ್ಮ ಕೈ ಬೆಚ್ಚಗಿದೆ ಎಂದಳು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಓರಿಕು ಸೊಸೆಯ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಳು.

ಓನುಯಿ ಎಂಬವಳು ಬಂದದ್ದು ಓರಿಕುವಿನ ಐವತ್ತಾರನೆಯ ವಯಸ್ಸಿನಲ್ಲಿ, ಹಿಮ ಕರಗಿ ದಾರಿ ಬಿಟ್ಟ ಹೊಸತರಲ್ಲಿ. ಇಪ್ಪತ್ತಾರು ಇಪ್ಪತ್ತೇಳರ ಹೆಂಗಸು, ಎಡೊದ ದೊಡ್ಡ ಮನೆಯೊಂದರಲ್ಲಿ ಅಡುಗೆಯಾಳು. ಜೊತೆಗೆ ಕಿವಿ ಮಂದವಾದ ಮುದುಕ ಆಳೊಬ್ಬ. ಪಡುವಣಕ್ಕೆ ಒಂಬತ್ತು ದಿನದ ದಾರಿಯ ಹಮಾಜಿ ಅವಳ ಗಂಡನ ಊರು. ಅವನು ಮೇಣದಬತ್ತಿ ಮಾಡುವವನು, ಕಾಯಿಲೆ ಬಿದ್ದಿದ್ದಾನೆ ಎಂದು ತಿಳಿದು ರಹದಾರಿ ಮಾಡಿಸಿ ಹೊರಟವಳು. ಧೂಳಿನ ದಾರಿಯಲ್ಲಿ ಎಲ್ಲ ಹೆಂಗಸರೂ ಕಟ್ಟುವಂತೆ ತಲೆಗೆ ವಸ್ತ್ರ ಕಟ್ಟಿದ್ದಳು. ಗುಮಾಸ್ತ ಆಚೆಯಿಂದ ಓದಿದ. ಹೆಂಗಸು ಒಬ್ಬಳು. ಕೂದಲು ಉದ್ದ, ಕತ್ತರಿಸಿಲ್ಲ. ಎಡಗಿವಿಯ ಕೆಳಗೆ ಮಚ್ಚೆ. ಬಸುರಿಯಲ್ಲ.

ಓರಿಕು ವಸ್ತ್ರ ಬಿಚ್ಚಿದಳು. ಕೂದಲು ಭುಜದವರೆಗೆ ಬಂದು ನಿಂತುಬಿಟ್ಟಿತು. ತುದಿಯಲ್ಲಿ ಕತ್ತರಿಯ ಗುರುತು ಹಸಿಹಸಿಯಾಗಿತ್ತು.

“ಇದೇನೇ ಇದು?” ಎಂದು ಓರಿಕು ಪಿಸುಗುಟ್ಟಿದಳು.

ನಿನ್ನೆ ಸಂಜೆ ಬೆಟ್ಟದ ತಳದ ಛತ್ರದಲ್ಲಿ ತನ್ನನ್ನೇ ಹುಡುಕಿಕೊಂಡು ಹೊರಟಿದ್ದ ಊರಿನವನೊಬ್ಬ ಸಿಕ್ಕಿದ್ದ, ಗಂಡ ತೀರಿಕೊಂಡು ಹನ್ನೊಂದು ದಿನವಾಯಿತು ಎಂದು ತಿಳಿಸಿದ ಎಂದಳು ಓನುಯಿ. ಅಲ್ಲಿಯೇ ಕತ್ತರಿ ಕೇಳಿ ಇಸಿದುಕೊಂಡು ಕತ್ತರಿಸಿಕೊಂಡಳಂತೆ. ಕತ್ತರಿಸಿದ ಕೂದಲನ್ನು ಗೋರಿಯಲ್ಲಿ ಇಡಲಿ ಎಂದು ಅವನ ಕೈಯಲ್ಲೇ ಕೊಟ್ಟು ಮುಂದೆ ಕಳಿಸಿದ್ದಳಂತೆ. ಹೇಳುವಾಗ ಅವಳಿಗೆ ತಾನು ಮಾಡಿದ್ದು ಸರಿಯೆಂಬ ಸಮಾಧಾನವೇ ಇತ್ತು. ತಪ್ಪಾಗಿದೆ ಎಂದು ಗೊತ್ತಾದದ್ದು ಓರಿಕುವಿನ ಮುಖ ನೋಡಿದ ಮೇಲೆ.

“ಒಂದು ದಿನ ತಡಕೋಬಾರದಿತ್ತೇನೇ ತಾಯಿ? ಬೆಟ್ಟ ಇಳಿದ ಮೇಲೆ ಕತ್ತರಿಸಿಕೊಂಡಿದ್ದರೆ ಯಾರು ಬೇಡ ಅಂತಿದ್ರು?”

“ಯಾರೂ ಹೇಳಲಿಲ್ಲ ಅಜ್ಜಿ. ಗಂಡ ಸತ್ತ ಅಂತ ಗೊತ್ತಾದ ಮೇಲೆ ಒಂದು ರಾತ್ರಿ ಆದರೂ ಹೆಂಡತಿ ಹಾಗೆ ತಲೆ ಬಾಚಿಕೊಂಡು ಇರೋಕಾಗುತ್ತಾ?”

ಈ ಮಾತು ಓರಿಕುವಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಆದರೆ ಓನುಯಿಗೆ ಅದು ಗೊತ್ತಾಗುವ ಹಾಗಿರಲಿಲ್ಲ. ಅವಳು ತೋಳು ಹಿಡಿದುಕೊಂಡು ಬೇಡತೊಡಗಿದಳು. ವಾಪಸು ಹೋಗಿ ಹೊಸ ಚೀಟಿ ಬರೆಸಬೇಕೆಂದರೆ ಎರಡು ತಿಂಗಳು. ಸತ್ತವರ ಜೀವ ನಲವತ್ತೊಂಬತ್ತು ದಿನ ಮನೆಯ ಮಾಡಿನ ಮೇಲೇ ಕೂತಿರುತ್ತದೆ, ಆಮೇಲೆ ಹೊರಟುಹೋಗುತ್ತದೆ. ಮೂರು ವರ್ಷದಿಂದ ಅವಳು ಗಂಡನ ಮುಖ ನೋಡಿಲ್ಲ. ಅವನು ಮಾಡಿನ ಮೇಲೆ ಇರುವಾಗಲಾದರೂ ಅದರ ಕೆಳಗೆ ಹೋಗಿ ಒಂದು ದಿನ ಕೂರಬೇಕು. ಐದು ವರ್ಷದ ಮಗಳು ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದಾಳೆ.

ಆಚೆಯಿಂದ ಗುಮಾಸ್ತ ಕೆಮ್ಮಿದ. ಓರಿಕು ಬಿಚ್ಚಿದ ವಸ್ತ್ರವನ್ನು ಓನುಯಿಯ ತಲೆಗೆ ಮತ್ತೆ ಬಿಗಿದಳು. ಆಮೇಲೆ ಗಂಟಲೆತ್ತಿ ಹೇಳಿದಳು, ಇವಳ ತಲೆ ತುಂಬ ಹೇನು, ಬುಡಬುಡಕ್ಕೆ ಸೀರು ಹತ್ತಿದೆ, ಬೆರಳು ಇಡಲು ಜಾಗವಿಲ್ಲ, ಹೀಗಾದರೆ ಮಚ್ಚೆ ಹುಡುಕುವುದು ಹೇಗೆ ಎಂದು.

ಠಾಣೇದಾರ ಹೊರಿಗುಚಿ ದಿನಕ್ಕೆ ಏಳು ಸಲ ಕೈ ತೊಳೆಯುವ ಆಸಾಮಿ. ಕೂತಲ್ಲೇ ತೋಳು ಮಡಿಚಿಕೊಂಡು ಹಿಂದಕ್ಕೆ ಸರಿದ. ಅವಳನ್ನು ಮೊದಲು ಇಲ್ಲಿಂದ ಕರೆದುಕೊಂಡು ಹೋಗು, ತೊಳೆದು ಬಾಚಿ ನಾಳೆ ಬೆಳಿಗ್ಗೆ ಕರೆತಾ ಎಂದ. ಹತ್ತಿರ ನಿಂತಿದ್ದ ಕಾವಲಿನವರು ಎರಡೆರಡು ಹೆಜ್ಜೆ ದೂರ ಹೋದರು. ಓನುಯಿ ನಾಚಿಕೆಯಿಂದ ಕೆಂಪಾದಳು. ಅದೂ ಒಳ್ಳೆಯದಕ್ಕೇ ಆಯಿತು, ಹೇನು ಇದ್ದವಳ ಹಾಗೇ ಕಂಡಳು.

ಉಕ್ಕಡದ ಹಿಂದೆಯೇ ಓರಿಕುವಿನ ಮನೆ. ಮಟಮಟ ಮಧ್ಯಾಹ್ನ ಸೊಸೆ ಓಮಿನೆ ಮೂಲಂಗಿ ಹೆಚ್ಚುತ್ತಿದ್ದಳು. ಅತ್ತೆ ನಡೆದದ್ದನ್ನೆಲ್ಲ ಹೇಳಿ ಕತ್ತರಿ ಕೇಳಿದಾಗ ಅವಳ ಕೈಯ ಚಾಕು ನಿಂತಿತು. ಇವಳಿಗೆ ಚೌರಿ ಕಟ್ಟಿ ಉದ್ದ ಕೂದಲಿನವಳನ್ನಾಗಿ ಮಾಡುವುದು ಅತ್ತೆಯ ಲೆಕ್ಕಾಚಾರ ಎಂದು ಅವಳಿಗೆ ಹೊಳೆಯಿತು. ಚೌರಿಗೆ ಕೂದಲು ಎಲ್ಲಿಂದ ಎಂಬುದೂ ಹೊಳೆಯಿತು.

“ಅತ್ತೆ, ನಿಮಗೇನು ತಲೆ ಕೆಟ್ಟಿದೆಯಾ? ಗೊತ್ತಾದರೆ ತಲೆ ಹೋಗುತ್ತೆ.”

“ತಲೆ ಹೋಗಲ್ಲ ಕಣೆ, ಕೂದಲು ಹೋಗುತ್ತೆ ಅಷ್ಟೆ. ಬಾ, ಕತ್ತರಿಸು. ನನ್ನ ಕೈಯಲ್ಲಿ ಆಗಲ್ಲ, ಹಿಂದೆ ಮೂರು ಸಲ ನೋಡಿದ್ದೀನಿ.”

ಓಮಿನೆ ಅಳುತ್ತಲೇ ಕತ್ತರಿಸಿದಳು. ಓರಿಕು ಅಳಲಿಲ್ಲ. ಆದರೆ ಕಂತೆ ಕೂದಲು ಮಡಿಲಿಗೆ ಬಿದ್ದಾಗ ಅದನ್ನು ಎತ್ತಿ ತೂಗಿ ನೋಡಿ, ಇಷ್ಟು ಭಾರವಿತ್ತೇ ಎಂದಳು. ಆಮೇಲೆ ಸೊಸೆಗೂ ಓನುಯಿಗೂ ಬೈಯುತ್ತಲೇ ಕೆಲಸಕ್ಕೆ ಕೂತಳು. ನಾಲ್ಕು ಬಿಳಿ ಕೂದಲನ್ನು ಆರಿಸಿ ತೆಗೆದಳು, ಉಳಿದದ್ದಕ್ಕೆ ದೀಪದ ಕಾಡಿಗೆ, ಎಣ್ಣೆ ಸೇರಿಸಿ ಉಜ್ಜಿದಳು. ಕಾಗದದ ಹುರಿಯಿಂದ ಬುಡ ಬಿಗಿದು, ಓನುಯಿಯ ಮೋಟು ಕೂದಲನ್ನು ಅದರ ಮೇಲೆ ಎಳೆದು, ತುರುಬು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಆರನೆಯ ಸಲಕ್ಕೆ ಒಪ್ಪಿಗೆಯಾಯಿತು. ಸಂಜೆ ಕಾವಲು ಮುಗಿಸಿ ಬಂದ ತೊಕುಜೊ ತಾಯಿಯ ತಲೆ ನೋಡಿದ, ಅತಿಥಿಯ ತಲೆ ನೋಡಿದ, ಹೊರಗೆ ಹೋಗಿ ಜಗಲಿಯ ಮೇಲೆ ಕೂತುಬಿಟ್ಟ. ಅವನು ಊಟಕ್ಕೂ ಬರಲಿಲ್ಲ. ಸುಳ್ಳು ಬಯಲಾದರೆ ಅವನ ಈಟಿಯೂ ಹೋದಂತೆಯೇ.

ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಓರಿಕು ತಲೆಗೆ ವಸ್ತ್ರ ಬಿಗಿದುಕೊಂಡು ಓನುಯಿಯನ್ನು ತಡಿಕೆಯ ಹಿಂದೆ ಕರೆತಂದಳು. ಗುಮಾಸ್ತ ಮೊದಲಿಂದ ಓದಿದ. ಕೂದಲು ಉದ್ದ, ಕತ್ತರಿಸಿಲ್ಲ ಎಂಬಲ್ಲಿ ನಿಲ್ಲಿಸಿ ಓರಿಕುವಿನ ಬಾಯಿಂದ ಉತ್ತರಕ್ಕೆ ಕಾದ. ನಿನ್ನೆಯ ಹೇನಿನ ಮಾತೊಂದು ಬಿಟ್ಟರೆ ಮೂವತ್ತೊಂಬತ್ತು ವರ್ಷ ನಿಜವನ್ನೇ ಹೇಳಿದ ಬಾಯಿ ಅದು, ಈ ದೊಡ್ಡ ಸುಳ್ಳಿಗೆ ತಕ್ಷಣ ತೆರೆದುಕೊಳ್ಳಲಿಲ್ಲ. ಓನುಯಿ ಕಣ್ಣು ಮುಚ್ಚಿ ಕೂತಿದ್ದಳು.

“ವ್ಯತ್ಯಾಸವಿಲ್ಲ” ಎಂದು ಓರಿಕು ಕೂಗಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊರಿಗುಚಿಗೆ ಹೇನು ಹೋಯಿತೋ ಇಲ್ಲವೋ ಎಂಬ ಅನುಮಾನ. ದೂರದಲ್ಲೇ ನಿಲ್ಲಿಸಿ ತೋರಿಸು ಎಂದ. ಓನುಯಿ ಅಂಗಳದಲ್ಲಿ ಮಂಡಿಯೂರಿ ತಲೆ ಬಾಗಿಸಿದಳು. ಎಣ್ಣೆ ಮಿರುಗುವ ತುಂಬು ತುರುಬು. ಹೊರಿಗುಚಿ ಅದನ್ನು ಬಹಳ ಹೊತ್ತು ನೋಡಿದ. ಹದಿನಾಲ್ಕು ವರ್ಷ ಅದೇ ಅಂಗಳದಲ್ಲಿ ಬೆಳಿಗ್ಗೆ ಬೆಳಿಗ್ಗೆ ಅವನು ನೋಡುತ್ತಿದ್ದ ಕೂದಲು ಅದು. ಕಾಡಿಗೆ ಬಳಿದರೆ ಗುರುತು ಸಿಗದೆ ಹೋದೀತೆ? ಆಮೇಲೆ ನಿಧಾನವಾಗಿ ಓರಿಕುವಿನ ಕಡೆ ತಿರುಗಿದ. ಈಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ತೊಕುಜೊನ ಮುಖದಲ್ಲಿ ರಕ್ತವಿರಲಿಲ್ಲ.

ಹೊರಿಗುಚಿ ವಸ್ತ್ರ ತೆಗೆ ಎಂದ. ಓರಿಕು ತೆಗೆದಳು. ಕಾವಲಿನವರೆಲ್ಲ ನೋಡಿದರು.

“ಏನಿದು ಓರಿಕು?”

“ನನ್ನ ಯಜಮಾನರು ಹೋದರಲ್ಲ ಒಡೆಯ. ಅವರಿಗೋಸ್ಕರ ಕತ್ತರಿಸಿಕೊಂಡೆ.”

“ಅವನು ಸತ್ತು ಹದಿನೆಂಟು ವರ್ಷ ಆಯ್ತು.”

“ಹೌದು. ತಡ ಆಯ್ತು. ಆಗ ಇನ್ನೂ ಅವರನ್ನ ಬಿಟ್ಟುಕೊಡೋಕೆ ಮನಸ್ಸಿರಲಿಲ್ಲ.”

ಅವಳು ಇದನ್ನು ರಾತ್ರಿಯೇ ಯೋಚಿಸಿ ಇಟ್ಟುಕೊಂಡಿದ್ದಳು. ಮೊದಲ ಮಾತನ್ನು ಅಂದುಕೊಂಡ ಹಾಗೆಯೇ ಹೇಳಿದಳು. ಕೊನೆಯ ಮಾತು ಮಾತ್ರ ಯೋಚಿಸಿಟ್ಟದ್ದಲ್ಲ, ತಾನಾಗಿಯೇ ಬಂತು, ಬರುವಾಗ ಕಣ್ಣೀರನ್ನೂ ಎಳೆದುಕೊಂಡು ಬಂತು. ಅಷ್ಟು ಜನರ ಎದುರು ಅಳುವ ಹೆಂಗಸಲ್ಲ ಓರಿಕು. ಮೂಗು ಒರೆಸಿಕೊಳ್ಳಲು ಬೇರೇನೂ ಸಿಗದೆ ಕೈಯಲ್ಲಿದ್ದ ವಸ್ತ್ರದಲ್ಲೇ ಒರೆಸಿಕೊಂಡಳು.

ಹೊರಿಗುಚಿ ನೆಲ ನೋಡಿದ. ಒಳ್ಳೆಯವನೆಂದು ಅವನಿಗೆ ಹೆಸರೇನೂ ಇರಲಿಲ್ಲ, ನಾನೂ ಈಗ ಕೊಡುವುದಿಲ್ಲ. ಅವನು ಗುಮಾಸ್ತನಿಗೆ, ಹೆಂಗಸು ಒಬ್ಬಳು, ವ್ಯತ್ಯಾಸವಿಲ್ಲ, ಹೋಗಬಹುದು ಎಂದು ಬರೆದುಕೊಳ್ಳಲು ಹೇಳಿದ. ಉಕ್ಕಡದವರ ಪಟ್ಟಿಯಲ್ಲಿ ಕುಮಾಜಿಯ ವಿಧವೆ ಓರಿಕು ಎಂಬಲ್ಲಿ ಕೂದಲು ಉದ್ದ ಎಂದಿದ್ದುದನ್ನು ಹೊಡೆದು ಕತ್ತರಿಸಿದೆ ಎಂದು ತಿದ್ದಲು ಹೇಳಿದ. ಆಮೇಲೆ ಎದ್ದು ಕೈ ತೊಳೆಯಲು ಹೋದ.

ಓನುಯಿ ಎದ್ದಳು. ಮಾತಾಡುವಂತಿರಲಿಲ್ಲ, ತಿರುಗಿ ನೋಡುವಂತೆಯೂ ಇರಲಿಲ್ಲ. ಬಾಗಿಲು ದಾಟುವಾಗ ಎರಡೂ ಕೈ ಎತ್ತಿ ತುರುಬನ್ನು ಒಮ್ಮೆ ಮುಟ್ಟಿಕೊಂಡಳು. ಮುದುಕ ಆಳು ಏನಾಯಿತು, ಏನಾಯಿತು ಎಂದು ಕೇಳುತ್ತ ಹಿಂದೆ ಓಡಿದ.

ಮಧ್ಯಾಹ್ನ ತೊಕುಜೊ ತಾಯಿಯ ಹತ್ತಿರ ಬಂದು ಕೂತ. ಹದಿನೆಂಟು ವರ್ಷ ಆ ಕೂದಲಿನ ಬಗ್ಗೆ ಬಾಯಿ ಬಿಡದವನು ಕೊನೆಗೆ ಕೇಳಿಯೇಬಿಟ್ಟ, ಅಪ್ಪನಿಗೋಸ್ಕರ ಎಂದು ಹೇಳಿದ್ದು ನಿಜವೋ, ಬಚಾವಾಗಲು ಹೇಳಿದ್ದೋ ಎಂದು.

“ಬಾಯಿ ತೆಗೆದಾಗ ಸುಳ್ಳೇ ಇತ್ತು ಕಣೋ,” ಎಂದಳು ಓರಿಕು. “ಹೇಳಿ ಮುಗಿಸೋ ಹೊತ್ತಿಗೆ ಅಲ್ಲ ಅನಿಸ್ತು. ನನ್ನನ್ನ ಏನು ಕೇಳ್ತೀಯ, ಹೋಗಿ ಊಟ ಮಾಡು.”

ಅವನು ಹೋಗಲಿಲ್ಲ. ಬಾಚಣಿಗೆ, ಕತ್ತರಿ ತಂದು ತಾಯಿಯ ಹಿಂದೆ ಕೂತು, ತಲೆ ಬಾಚಿ, ಓಮಿನೆ ಓರೆಕೋರೆಯಾಗಿ ಕತ್ತರಿಸಿದ್ದ ತುದಿಗಳನ್ನು ಒಂದು ಮಟ್ಟಕ್ಕೆ ತಂದ. ಈಟಿಯ ಕೈ, ಸ್ವಲ್ಪ ನೋವೇ ಆಯಿತು.

ನಾಲ್ಕು ವಾರ ಕಳೆದ ಮೇಲೆ ಕುದುರೆ ಹೊಡೆಯುವವನೊಬ್ಬ ಹಮಾಜಿಯ ಸುದ್ದಿ ತಂದ. ಓನುಯಿ ಇಪ್ಪತ್ತೊಂದನೆಯ ದಿನವೇ ಮನೆ ಸೇರಿದ್ದಳು. ಮೂರು ವರ್ಷ ತಾಯಿಯನ್ನು ಕಾಣದ ಮಗಳು ಹತ್ತಿರ ಬರಲು ಒಪ್ಪಲಿಲ್ಲವಂತೆ. ಕೊನೆಗೆ ಬಂದವಳು ತುರುಬು ಹಿಡಿದು ಎಳೆದಳಂತೆ, ಅದು ಕೈಗೇ ಬಂದುಬಿಟ್ಟಿತಂತೆ. ಮಗು ಕಿರುಚಿ, ಆಮೇಲೆ ನಕ್ಕು, ಅದನ್ನು ತನ್ನ ತಲೆಯ ಮೇಲಿಟ್ಟುಕೊಂಡು ಬೀದಿ ತುಂಬ ಓಡಿತಂತೆ. ಓರಿಕು ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಹದಂಗಡಿಯವರು ಬಂದು ನೋಡಬೇಕಿತ್ತು.

ಅವಳು ಬೆರಳಲ್ಲಿ ದಿನ ಎಣಿಸುತ್ತಿದ್ದಳು. ನಲವತ್ತೊಂಬತ್ತನೆಯ ದಿನ ಬೆಳಿಗ್ಗೆ ಉಕ್ಕಡಕ್ಕೆ ಹೋಗುವ ಮುಂಚೆ ಎರಡು ಊದುಬತ್ತಿ ಹಚ್ಚಿದಳು, ಒಂದು ಹಮಾಜಿಯ ಆ ಮೇಣದಬತ್ತಿಯವನಿಗೆ, ಇನ್ನೊಂದು ಕುಮಾಜಿಗೆ. ಹೊರಗೆ ಬಂದು ಅಂಗಳದಲ್ಲಿ ನಿಂತು ತನ್ನ ಮನೆಯ ಮಾಡಿನ ಕಡೆ ತಲೆ ಎತ್ತಿದಳು. ಹುಲ್ಲಿನ ಮಾಡು, ಹಿಂದಿನ ರಾತ್ರಿ ಬಿದ್ದ ಮಂಜಿನಿಂದ ಹಬೆ ಏಳುತ್ತಿತ್ತು.

“ಇವತ್ತು ಅವನು ಹೊರಡ್ತಾನೆ,” ಎಂದಳು. “ನೀವೂ ಅವನ ಜೊತೆ ಹೋಗಿಬಿಡಿ. ನಿಮಗೇನು ರಹದಾರಿ ಬೇಕಾಗಿಲ್ಲ.”